ಸುಂಕದಕಟ್ಟೆ: ಮೊಳದ ಹಾರ, ಕಿಲೋ ಲೆಕ್ಕದ ಸುಂಕ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೂವಿನ ಹಾರದ್ದೇ. ಅದೂ ವಾಸನೆ ಇಲ್ಲದ ಹೂವು. ಶ್ರಾವಣಕ್ಕೆ ಅಂಗಡಿಯವರು ಮಾಲು ತರಿಸುವ ಹೊತ್ತು ಇದು, ಹಾಗಾಗಿ ಈ ಕಂತು ಪೂರ್ತಿ ಹಾರಕ್ಕೇ ಬಿಟ್ಟಿದ್ದೇನೆ. ಹೊಸದಾಗಿ ಓದುವವರಿಗೆ ಒಂದು ಮಾತು. ನಾನು ವಕೀಲನಲ್ಲ, ಆಫೀಸರ್ ಆಗಿದ್ದವನೂ ಅಲ್ಲ. ಚೆನ್ನೈ ಹಾರ್ಬರಿನಲ್ಲಿ, ಆಮೇಲೆ ವೈಟ್‌ಫೀಲ್ಡಿನ ಕಂಟೇನರ್ ಡಿಪೋದಲ್ಲಿ, ಒಟ್ಟು 30 ವರ್ಷ ಕ್ಲಿಯರಿಂಗ್ ಏಜೆಂಟರ, ಅಂದರೆ ಕಸ್ಟಮ್ಸ್‌ನಿಂದ ಮಾಲು ಬಿಡಿಸಿಕೊಡುವವರ, ಕಡೆ ಕೆಲಸ ಮಾಡಿದವನು. ಪೆಟ್ಟಿಗೆ ಒಡೆದು ನೋಡಿದ್ದೇ ನನ್ನ ಓದು.

ಪ್ರಶ್ನೆ: ಸಾರ್, ಚಿಕ್ಕಪೇಟೆಯಲ್ಲಿ ನಮ್ಮದು ಅಲಂಕಾರದ ಸಾಮಾನಿನ ಸಣ್ಣ ಅಂಗಡಿ. ಮೊದಲ ಸಲ ಚೀನಾದ ಈವೂನಿಂದ ನೇರವಾಗಿ ಮಾಲು ತರಿಸುತ್ತಿದ್ದೇವೆ. ಬಟ್ಟೆಯ ಚೆಂಡುಹೂವಿನ ಹಾರ, ಪ್ಲಾಸ್ಟಿಕ್ ಮಾವಿನೆಲೆ ತೋರಣ, ದೀಪದ ಸರ, ಮಿಂಚುವ ಜರಿ ಮಾಲೆ ಎಲ್ಲ ಇದೆ. ಕಳಿಸುವವನು ಇನ್‌ವಾಯ್ಸಿನಲ್ಲಿ ನಾಲ್ಕಕ್ಕೂ ‘ಗಾರ್ಲೆಂಡ್’ ಎಂದು ಬರೆದು 9505 ಕೋಡ್ ಹಾಕಿದ್ದಾನೆ. ನಮ್ಮ ಏಜೆಂಟ್ 6702 ಅಂತಾರೆ. ಪಕ್ಕದ ಅಂಗಡಿಯವರು ‘ಪ್ಲಾಸ್ಟಿಕ್ ಅಲ್ವಾ, 3926 ಹಾಕಿ’ ಅಂತಾರೆ. ಸುಂಕದ ಲೆಕ್ಕ ಹೇಗೆ? ಯಾರ ಮಾತು ಕೇಳಲಿ? (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಯಾರ ಮಾತೂ ಬೇಡ. ಒಂದು ಹಾರ ಕೈಗೆ ತಗೊಂಡು ಅದರಿಂದ ಒಂದು ಹೂವು ಕಿತ್ತು ನೋಡಿ. ಉತ್ತರ ಅಲ್ಲೇ ಇದೆ.

ಮೊದಲು ಕೋಡಿನ ವಿಷಯ. ಮಾಲು ಯಾವುದು, ಅದಕ್ಕೆ ಸುಂಕ ಎಷ್ಟು ಅಂತ ಗುರುತಿಸುವ ನಂಬರ್ ಅದು. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕಾದರೆ ಹೆಡ್ಡಿಂಗ್, ಆರರವರೆಗೆ ಪ್ರಪಂಚಕ್ಕೆಲ್ಲ ಒಂದೇ. ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆ ನಡೆಸುವ ಈ ಪದ್ಧತಿ 1988ರಿಂದ ಇದೆ. ಕೊನೆಯ ಎರಡು ಅಂಕಿ ನಮ್ಮ ದೇಶದ್ದು, ಹೀಗೆ ಒಟ್ಟು ಎಂಟು. ಈವೂನವನು ಹಾಕಿದ ಕೋಡ್ ಅವನ ಅಭಿಪ್ರಾಯ ಅಷ್ಟೇ. 2011ರಿಂದ ನಮ್ಮಲ್ಲಿ ಸ್ವಯಂ ನಿರ್ಧಾರ ಪದ್ಧತಿ ಬಂದಿದೆ. ಬಿಲ್ ಆಫ್ ಎಂಟ್ರಿಯಲ್ಲಿ, ಅಂದರೆ ಆಮದು ಮಾಲಿನ ವಿವರ ಬರೆದು ಕಸ್ಟಮ್ಸ್‌ಗೆ ಕೊಡುವ ಕಾಗದದಲ್ಲಿ, ಕೋಡ್ ಹಾಕುವವರು ನೀವು, ತಪ್ಪಿದರೆ ಹೊಣೆಯೂ ನಿಮ್ಮದೇ. ‘ಚೀನಾದವನು ಹಾಗೆ ಬರೆದಿದ್ದ ಸಾರ್’ ಎಂದು ಆಫೀಸರ್ ಮುಂದೆ ಹೇಳಿದರೆ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ.

ಈ ‘ಗಾರ್ಲೆಂಡ್’ ಅನ್ನುವ ಪದವೇ ಮೋಸದ್ದು. ಸುಂಕದ ಪುಸ್ತಕದಲ್ಲಿ, ಅದರ ವಿವರಣೆಯಲ್ಲಿ ಅದು ಕನಿಷ್ಠ ಮೂರು ಕಡೆ ಬರುತ್ತದೆ. 6702ರ ವಿವರಣೆಯಲ್ಲಿ ಕೃತಕ ಹೂವಿನಿಂದ ಮಾಡಿದ ಹಾರ ಎಂದು. 9505ರ ವಿವರಣೆಯಲ್ಲಿ ಹಬ್ಬಕ್ಕೆ ಕೋಣೆ ಸಿಂಗರಿಸುವ ಮಾಲೆ ಎಂದು. ಇನ್ನು 95ನೇ ಅಧ್ಯಾಯದ ಟಿಪ್ಪಣಿಯಲ್ಲಿ, ಕರೆಂಟಿನ ಮಾಲೆ ಯಾವುದಿದ್ದರೂ ಇಲ್ಲಿಗೆ ಬೇಡ, 9405ಕ್ಕೆ ಹೋಗಿ ಎಂದು. ಪದ ಒಂದೇ, ಮನೆ ಮೂರು.

ಈ ಪದಕ್ಕೆ ನಾನೇ ಒಮ್ಮೆ ಬಿದ್ದಿದ್ದೇನೆ. ಚೆನ್ನೈಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಹಿಂದಿನ ವಾರ ದೀಪದ ಸರದ ಒಂದು ಲಾಟ್ ಬಿಡಿಸಿದ್ದೆ. ಈ ವಾರದ ಇನ್‌ವಾಯ್ಸಿನಲ್ಲೂ ‘ಗಾರ್ಲೆಂಡ್’ ಅಂತಲೇ ಇತ್ತು. ಹಳೇ ಫೈಲ್ ನೋಡಿ ಅದೇ 9405 ಬರೆದುಬಿಟ್ಟೆ. ಎಕ್ಸಾಮಿನೇಷನ್ ದಿನ ಆಫೀಸರ್ ಪೆಟ್ಟಿಗೆ ತೆರೆದರು. ಒಳಗೆಲ್ಲ ಕೆಂಪು ಗುಲಾಬಿ ಹಾರ. ಒಂದನ್ನು ಎತ್ತಿ, ತುದಿಯಿಂದ ತುದಿಯವರೆಗೆ ಬೆರಳಾಡಿಸಿ, ‘ಪ್ಲಗ್ ಎಲ್ಲಿದೆ ತಮ್ಮಾ?’ ಅಂದರು. ಸುತ್ತ ಇದ್ದ ಕೂಲಿಯವರೆಲ್ಲ ನಕ್ಕರು. ಕೋಡ್ ತಿದ್ದಿಸಿ ಮಾಲು ಬಿಡಿಸುವಷ್ಟರಲ್ಲಿ ಡೆಮರೇಜ್, ಅಂದರೆ ಮಾಲು ತಡವಾಗಿ ಎತ್ತಿದ್ದಕ್ಕೆ ಕಟ್ಟುವ ದುಡ್ಡು, ಏರಿತ್ತು. ಆ ತಿಂಗಳ ಸಂಬಳ ಕೈಗೆ ಪೂರ್ತಿ ಬರಲಿಲ್ಲ.

ಈಗ ನಿಮ್ಮ ನಾಲ್ಕು ಮಾಲಿಗೆ ಬರೋಣ.

ದೀಪದ ಸರ ಸುಲಭ. ವೈರು, ಬಲ್ಬು, ಪ್ಲಗ್ ಇದ್ದರೆ 9405. 2022ರಿಂದ ಎಲ್‌ಇಡಿ ಸರಕ್ಕೆ ಅದರಲ್ಲೇ ಬೇರೆ ಸಾಲು ಮಾಡಿದ್ದಾರೆ. ಬಲ್ಬಿಗೆ ಹೂವಿನ ಆಕಾರದ ಟೋಪಿ ಹಾಕಿದ್ದರೂ ಅದು ದೀಪವೇ, ಹೂವಲ್ಲ. ಇದಕ್ಕೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ನೋಂದಣಿಯ ತಲೆನೋವು ಬೇರೆ ಇದೆ. ಅದಿಲ್ಲದೆ ತರಿಸಿದರೆ ಇಡೀ ಕಂಟೇನರಿನ ಕೆಲಸ ಆ ನಾಲ್ಕು ಪೆಟ್ಟಿಗೆಗಾಗಿ ನಿಲ್ಲುತ್ತದೆ. ಮೊದಲ ಸಲ ತರಿಸುವಾಗ ದೀಪ ಬಿಟ್ಟು ಬರೀ ಹೂವು ತರಿಸಿ ಅನ್ನೋದು ನನ್ನ ಸಲಹೆ.

ಜರಿ ಮಾಲೆ, ಅಂದರೆ ಬೆಳ್ಳಿ ಬಣ್ಣದ ಹಾಳೆಯನ್ನು ಸಣ್ಣಗೆ ಕತ್ತರಿಸಿ ದಾರಕ್ಕೆ ತಿರುಚಿದ್ದು. ಅದರಲ್ಲಿ ಹೂವೂ ಇಲ್ಲ, ಎಲೆಯೂ ಇಲ್ಲ. ಅದು 9505ರ ಹಬ್ಬದ ಸಾಮಾನು. ಕ್ರಿಸ್‌ಮಸ್ಸಿಗೆಂದೇ ಮಾಡಿದ್ದಾದರೆ 9505 10, ಉಳಿದದ್ದು 9505 90. ಇದೊಂದರಲ್ಲಿ ಮಾತ್ರ ಈವೂನವನ ಕೋಡ್ ಸರಿ.

ಚೆಂಡುಹೂವಿನ ಹಾರ, ಮಾವಿನೆಲೆ ತೋರಣ ಎರಡೂ 6702. ‘ಹಬ್ಬಕ್ಕೆ ತಾನೇ ಕಟ್ಟೋದು, 9505 ಯಾಕಲ್ಲ?’ ಅಂತ ಕೇಳಬಹುದು. ಕಟ್ಟೋದು ಹಬ್ಬಕ್ಕೆ ಮಾತ್ರವಾ? ಮದುವೆಗೆ, ಗೃಹಪ್ರವೇಶಕ್ಕೆ, ರಾಜ್ಯೋತ್ಸವದ ವೇದಿಕೆಗೆ, ಹೊಸ ಬೈಕಿನ ಹ್ಯಾಂಡಲಿಗೆ, ಎಲ್ಲದಕ್ಕೂ ಅದೇ ಹಾರ. ಮೇಲಾಗಿ ‘ಕೃತಕ ಹೂವಿನಿಂದ ಮಾಡಿದ ವಸ್ತು’ ಎಂದು 6702ರ ಹೆಡ್ಡಿಂಗೇ ಹೇಳುತ್ತದೆ. ಇಷ್ಟು ನೇರವಾಗಿ ಹೆಸರು ಹಿಡಿದು ಕರೆಯುವ ಸಾಲು ಇರುವಾಗ ಪಕ್ಕದ ಮನೆಗೆ ಯಾಕೆ ಹೋಗಬೇಕು?

ಇನ್ನು ಪಕ್ಕದ ಅಂಗಡಿಯವರ 3926, ಅಂದರೆ ಪ್ಲಾಸ್ಟಿಕ್ ಸಾಮಾನಿನ ಸಾಲು. ಪ್ಲಾಸ್ಟಿಕ್ ಅನ್ನುವ ಒಂದೇ ಕಾರಣಕ್ಕೆ ಅಲ್ಲಿಗೆ ಹೋಗುವುದಿಲ್ಲ. ಆದರೆ ಅವರ ಮಾತಿನಲ್ಲೂ ಒಂದು ಎಳೆ ಸತ್ಯ ಇದೆ. ಅದಕ್ಕೇ ಹೂವು ಕಿತ್ತು ನೋಡಿ ಅಂದದ್ದು.

67ನೇ ಅಧ್ಯಾಯದ 3ನೇ ಟಿಪ್ಪಣಿ ಹೇಳುವುದು ಇಷ್ಟು. ಗಾಜಿನ ಹೂವು 6702ಕ್ಕೆ ಬೇಡ, 70ಕ್ಕೆ ಹೋಗಲಿ. ಮಣ್ಣು, ಕಲ್ಲು, ಲೋಹ, ಮರ ಅಥವಾ ಬೇರೆ ಯಾವುದರದ್ದೇ ಆಗಲಿ, ಅಚ್ಚು ಹೊಯ್ದೋ ಕೆತ್ತಿಯೋ ಒಂದೇ ತುಂಡಾಗಿ ಮಾಡಿದ ಹೂವೂ ಬೇಡ. ಬಿಡಿ ಭಾಗಗಳನ್ನು ಜೋಡಿಸಿದ್ದಾದರೆ ಆ ಜೋಡಣೆ ಕಟ್ಟುವುದು, ಅಂಟಿಸುವುದು, ಒಂದರೊಳಗೆ ಒಂದು ತೂರಿಸುವುದು, ಇಲ್ಲವೇ ಇಂಥದ್ದೇ ರೀತಿಯದ್ದಾಗಿರಬೇಕು.

ನಮ್ಮಮ್ಮ ಗಾಂಧಿ ಬಜಾರಿನಲ್ಲಿ ಹೂವು ಮಾರುತ್ತಿದ್ದಳು. ಈ ಟಿಪ್ಪಣಿ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಅವಳ ಕೈ. ಮಲ್ಲಿಗೆ, ಕನಕಾಂಬರ ಆದರೆ ಕಟ್ಟೋದು. ಸುಗಂಧರಾಜ, ಚೆಂಡುಹೂವು ಆದರೆ ಪೋಣಿಸೋದು. ‘ಹೂವು ಯಾವುದು ಅಂತ ಆಮೇಲೆ ನೋಡು, ಹೆಂಗೆ ಕೂಡಿಸವ್ರೆ ಅಂತ ಮೊದ್ಲು ನೋಡು, ಅದರ ಮೇಲೆ ರೇಟು’ ಅನ್ನೋಳು. ಬ್ರಸೆಲ್ಸಿನವರೂ ಅದನ್ನೇ ಬರೆದಿದ್ದಾರೆ, ಬಿಡಿ.

ನಿಮ್ಮ ಹಾರದ ಚೆಂಡುಹೂವನ್ನು ದಾರದಿಂದ ಎಳೆಯಿರಿ. ನಾಲ್ಕೈದು ಪದರ ಬಟ್ಟೆಯ ಎಸಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಸಣ್ಣ ಪ್ಲಾಸ್ಟಿಕ್ ಗೂಟ, ಹಿಂದೆ ಒಂದು ಹಸಿರು ಬಟ್ಟಲು. ಗೂಟ ಎಳೆದರೆ ‘ಟಪ್’ ಅಂತ ಬಿಚ್ಚಿಕೊಂಡು ಎಸಳೆಲ್ಲ ಬಿಡಿಬಿಡಿಯಾಗಿ ಮೇಜಿನ ಮೇಲೆ ಉದುರುತ್ತವೆ. ಇದೇ ‘ಒಂದರೊಳಗೆ ಒಂದು ತೂರಿಸಿದ್ದು’. ಹಾಗೆ ಬಿಚ್ಚಿಕೊಂಡರೆ 6702, ಅನುಮಾನ ಬೇಡ. ಎಳೆದರೂ ಬಿಚ್ಚದೆ ಎಸಳು, ಬಟ್ಟಲು, ತೊಟ್ಟು ಎಲ್ಲ ಒಂದೇ ಎರಕದಲ್ಲಿ ಬಂದಿದ್ದರೆ ಆಗ ಪಕ್ಕದ ಅಂಗಡಿಯವರ 3926 ಬಾಗಿಲಿಗೆ ಬಂದು ನಿಲ್ಲುತ್ತದೆ.

ಮಾಡಬೇಕಾದ್ದು: ಇನ್‌ವಾಯ್ಸನ್ನೂ ಪ್ಯಾಕಿಂಗ್ ಲಿಸ್ಟನ್ನೂ ನಾಲ್ಕು ಸಾಲಾಗಿ ಬೇರೆ ಬೇರೆ ಬರೆಸಿ. ‘ಪಾಲಿಯೆಸ್ಟರ್ ಎಸಳಿನ ಕೃತಕ ಚೆಂಡುಹೂವಿನ ಹಾರ, ಇಷ್ಟು ಅಡಿ, ಇಷ್ಟು ಪೀಸ್, ಇಷ್ಟು ಕಿಲೋ’ ಅಂತ. ಕಿಲೋ ಮರೆಯಬೇಡಿ, 6702ಕ್ಕೆ ಲೆಕ್ಕ ಕಿಲೋದಲ್ಲೇ. ಅಮ್ಮ ಮೊಳದಲ್ಲಿ ಅಳೆದಳು, ಈವೂನವನು ಡಜನ್ನಿನಲ್ಲಿ ಎಣಿಸುತ್ತಾನೆ, ಕಸ್ಟಮ್ಸ್‌ನವರು ತಕ್ಕಡಿಗೆ ಹಾಕುತ್ತಾರೆ. ಬೆಲೆ ತೀರಾ ಕಮ್ಮಿ ತೋರಿಸಿದ್ದರೆ ಸಿಕ್ಕಿಬೀಳುವುದೂ ಆ ತಕ್ಕಡಿಯಲ್ಲೇ. ಕಿಲೋಗೆ ಎಷ್ಟು ಬಿತ್ತು ಅಂತ ಭಾಗಿಸಿ, ಬೇರೆಯವರ ಬಿಲ್ಲಿನ ಜೊತೆ ಇಟ್ಟು ನೋಡುತ್ತಾರೆ.

ಸುಂಕದ ಲೆಕ್ಕವೂ ಕೇಳಿದ್ದೀರಿ. ಸರಕು, ಹಡಗಿನ ಬಾಡಿಗೆ, ವಿಮೆ ಸೇರಿ 100 ರೂಪಾಯಿ ಅಂದುಕೊಳ್ಳಿ. ಮೂಲ ಸುಂಕ ಲೆಕ್ಕಕ್ಕೆ 20 ಅಂತ ಹಿಡಿಯಿರಿ. ಆ 20ರ ಮೇಲೆ ನೂರಕ್ಕೆ 10ರಂತೆ ಸಮಾಜ ಕಲ್ಯಾಣ ಸರ್‌ಚಾರ್ಜ್, ಅಂದರೆ 2. ಈಗ 122 ಆಯಿತು. ಐಜಿಎಸ್‌ಟಿ, ಅಂದರೆ ಆಮದಿಗೆ ಹಾಕುವ ಜಿಎಸ್‌ಟಿ, ಈ 122ರ ಮೇಲೆ, ಬರೀ 100ರ ಮೇಲಲ್ಲ. ಅದನ್ನು ನೂರಕ್ಕೆ 18 ಅಂತ ಹಿಡಿದರೆ 21.96. ಒಟ್ಟು 43.96. ಐಜಿಎಸ್‌ಟಿ ನಿಮಗೆ ಕ್ರೆಡಿಟ್ಟಾಗಿ ವಾಪಸ್ ಸಿಗುತ್ತದೆ, ಮೂಲ ಸುಂಕ, ಸರ್‌ಚಾರ್ಜ್ ಸೇರಿದ 22 ಮಾತ್ರ ಕೈಬಿಟ್ಟು ಹೋಗುವ ದುಡ್ಡು. ದರ ಯಾವುದು ಅನ್ನೋದು ಬಿಲ್ ಆಫ್ ಎಂಟ್ರಿ ಹಾಕಿದ ದಿನ, ಇಲ್ಲವೇ ಹಡಗಿಗೆ ಒಳಬರಲು ಅನುಮತಿ ಸಿಕ್ಕ ದಿನ, ಎರಡರಲ್ಲಿ ಯಾವುದು ಆಮೇಲೋ ಆ ದಿನದ್ದು. ಆರ್ಡರ್ ಕೊಟ್ಟ ದಿನದ ದರ ನೋಡಿಕೊಂಡು ಮಾರುವ ಬೆಲೆ ಕಟ್ಟಬೇಡಿ. ಮಧ್ಯೆ ಬಜೆಟ್ ಬಂದರೆ ಕಥೆ ಮುಗಿಯಿತು.

ಕಂಟೇನರ್ ಬಂದಮೇಲೂ ಅನುಮಾನ ಇದ್ದರೆ ‘ಫಸ್ಟ್ ಚೆಕ್’ ಕೇಳಿ. ಮೊದಲು ಮಾಲು ತೆರೆದು ನೋಡಿ, ಆಮೇಲೆ ಸುಂಕ ನಿರ್ಧಾರ ಮಾಡಿ ಎಂದು ಕೇಳುವ ದಾರಿ ಅದು. ಒಂದೆರಡು ದಿನ ಜಾಸ್ತಿ ಆಗುತ್ತದೆ. ಆಗಲಿ. ತಪ್ಪು ಕೋಡಿಗೆ ಎರಡು ವರ್ಷದವರೆಗೂ ನೋಟಿಸ್ ಬರಬಹುದು, ಬೇಕಂತಲೇ ಮಾಡಿದ್ದು ಅಂತಾದರೆ ಐದು ವರ್ಷದವರೆಗೆ. ಅಷ್ಟರಲ್ಲಿ ಹಾರ ಮಾರಿ, ಲಾಭ ಮಗಳ ಮದುವೆಗೆ ಖರ್ಚಾಗಿರುತ್ತದೆ.

ಪ್ರಶ್ನೆ: ನಮ್ಮ ಇನ್‌ವಾಯ್ಸಿನಲ್ಲಿ ‘ಸಿಲ್ಕ್ ಫ್ಲವರ್’ ಎಂದಿದೆ. ರೇಷ್ಮೆ ಅಂತಾದರೆ ಸುಂಕ ಬೇರೆಯಾ? ಹೂವು ಬಟ್ಟೆ, ಕಡ್ಡಿ ಪ್ಲಾಸ್ಟಿಕ್, ಒಳಗೆ ತಂತಿ. ಇದು ಪ್ಲಾಸ್ಟಿಕ್ಕಿನ ಸಾಲಿಗೋ ‘ಇತರೆ’ಗೋ? (ಓದುಗರು, ಹುಬ್ಬಳ್ಳಿ)

ಉತ್ತರ: ಆ ವ್ಯಾಪಾರದಲ್ಲಿ ‘ಸಿಲ್ಕ್ ಫ್ಲವರ್’ ಅಂದರೆ ಬಟ್ಟೆ ಹೂವು ಅಂತಷ್ಟೇ ಅರ್ಥ. ಸಾಮಾನ್ಯವಾಗಿ ಅದು ಪಾಲಿಯೆಸ್ಟರ್. ಅನುಮಾನ ಇದ್ದರೆ ಎಸಳಿನ ಒಂದು ಎಳೆ ಕಿತ್ತು, ಚಿಮಟಿಗೆಯಲ್ಲಿ ಹಿಡಿದು ಬೆಂಕಿಕಡ್ಡಿ ತೋರಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಪುಡಿ. ಪಾಲಿಯೆಸ್ಟರ್ ಆದರೆ ಕರಗಿ, ಸುರುಟಿ, ತುದಿಗೆ ಗಟ್ಟಿ ಮಣಿ ಕಟ್ಟುತ್ತದೆ. ಮೈಸೂರು ಸೀರೆ ಕೊಳ್ಳುವಾಗ ನಮ್ಮ ಹೆಂಗಸರು ಮಾಡುವ ಪರೀಕ್ಷೆಯೇ ಇದು. ಮಾಲಿನ ಗೋದಾಮಿನೊಳಗೆ ಮಾತ್ರ ಮಾಡಬೇಡಿ, ದಯವಿಟ್ಟು.

6702ರಲ್ಲಿ 10 ಅಂದರೆ ಪ್ಲಾಸ್ಟಿಕ್ಕಿನದು, 90 ಅಂದರೆ ಬೇರೆ ವಸ್ತುವಿನದು. ಎರಡೂ ಬೆರೆತಿದ್ದರೆ ಆ ವಸ್ತುವಿಗೆ ಅದರ ಗುಣ ಕೊಟ್ಟಿರುವುದು ಯಾವುದು ಅಂತ ನೋಡಬೇಕು. ಯಾರೂ ಕಡ್ಡಿ ನೋಡಿ ಹಾರ ಕೊಳ್ಳುವುದಿಲ್ಲ, ಹೂವು ನೋಡಿ ಕೊಳ್ಳುತ್ತಾರೆ. ಕಡ್ಡಿ ಎಷ್ಟೇ ತೂಗಲಿ, ಎಸಳು ಬಟ್ಟೆಯದ್ದಾದರೆ ನನ್ನ ಲೆಕ್ಕಕ್ಕೆ 6702 90 90. ಇನ್‌ವಾಯ್ಸಿನ ‘ಸಿಲ್ಕ್’ ತೆಗೆಸಿ ‘ಪಾಲಿಯೆಸ್ಟರ್’ ಎಂದು ಬರೆಸಿ. ಸುಮ್ನೆ ಒಂದು ಪದಕ್ಕಾಗಿ ಸ್ಯಾಂಪಲ್ ಲ್ಯಾಬಿಗೆ ಹೋಗಿ ಕೂರುವುದು ಬೇಡ.

ಪ್ರಶ್ನೆ: ನೀವೇ ಹೇಳುವ ಹಾಗೆ ಒಂದೇ ಎರಕದ ಪ್ಲಾಸ್ಟಿಕ್ ಹೂವು 6702 ಅಲ್ಲ. ಅಂಥ ನೂರು ಹೂವನ್ನು ದಾರಕ್ಕೆ ಪೋಣಿಸಿ ಹಾರ ಮಾಡಿದರೆ? (ಓದುಗರು, ಮಂಗಳೂರು)

ಉತ್ತರ: ಒಳ್ಳೇ ಕಡೆ ಹಿಡಿದಿರಿ. ಹಾರ ಜೋಡಿಸಿದ್ದೇ ತಾನೇ ಅಂತ ಒಬ್ಬರು ವಾದ ಮಾಡಬಹುದು. ಹೂವೇ ಆ ಹೆಡ್ಡಿಂಗಿನದ್ದಲ್ಲ ಅಂದಮೇಲೆ ಅದರ ಹಾರ ಹೇಗೆ ಆಗುತ್ತದೆ ಅಂತ ಇನ್ನೊಬ್ಬರು. ನನಗೆ ಎರಡನೆಯ ವಾದವೇ ಗಟ್ಟಿ ಅನಿಸುತ್ತದೆ. ಆದರೆ ವರ್ಷಕ್ಕೆ ಹತ್ತು ಕಂಟೇನರ್ ತರಿಸುವವರು ನನ್ನ ಅನಿಸಿಕೆ ನಂಬಿ ಕೂರಬಾರದು. ಕಸ್ಟಮ್ಸ್ ಕಾಯ್ದೆಯ 28ಎಚ್ ಕಲಮಿನಲ್ಲಿ ಮುಂಗಡ ತೀರ್ಪು ಕೇಳಬಹುದು. ಅದರ ಪ್ರಾಧಿಕಾರ ದೆಹಲಿ ಮತ್ತು ಮುಂಬೈಯಲ್ಲಿ ಇದೆ. ಅರ್ಜಿ ಹಾಕಿದ ಮೂರು ತಿಂಗಳೊಳಗೆ ತೀರ್ಪು ಕೊಡಬೇಕು ಅಂತ ಕಾಯ್ದೆ ಹೇಳುತ್ತದೆ. ಹಾರದ ಫೋಟೋ ಸಾಲದು, ಒಂದು ಹೂವು ಉದ್ದಕ್ಕೆ ಸೀಳಿದ ಫೋಟೋನೂ ಇಡಿ.

ಪ್ರಶ್ನೆ: ಸಿಂಗಪುರದಲ್ಲಿರುವ ಮಗಳ ಮನೆಯಿಂದ ಬರುವಾಗ ಗೌರಿ ಹಬ್ಬಕ್ಕೆ ನಾಲ್ಕು ಪ್ಲಾಸ್ಟಿಕ್ ಹಾರ ತರುತ್ತಿದ್ದೇನೆ. ಏರ್‌ಪೋರ್ಟಿನಲ್ಲಿ ಈ 6702 ಎಲ್ಲ ಹೇಳಬೇಕಾ? (ಗೃಹಿಣಿ, ಬಸವನಗುಡಿ)

ಉತ್ತರ: ಏನೂ ಬೇಡಮ್ಮ. ಪ್ರಯಾಣಿಕರ ಪೆಟ್ಟಿಗೆಯಲ್ಲಿ ಬರುವ ಸುಂಕದ ಸಾಮಾನಿಗೆಲ್ಲ 9803 ಅಂತ ಒಂದೇ ಸಾಲು ಇದೆ, ಹಾರ ಆದರೂ ಅಷ್ಟೇ, ಹಂಡೆ ಆದರೂ ಅಷ್ಟೇ. ನಾಲ್ಕು ಹಾರ ನಿಮ್ಮ ಮಿತಿಯೊಳಗೆ ಆರಾಮಾಗಿ ಬರುತ್ತವೆ. ನಲವತ್ತು ಡಜನ್ ತಂದು ‘ಮನೆ ಹಬ್ಬಕ್ಕೆ’ ಅಂದರೆ ಮಾತ್ರ ಯಾರೂ ನಂಬುವುದಿಲ್ಲ. ಅಲ್ಲಿಂದ ತಾಜಾ ಹೂವು ತರುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದಕ್ಕೆ ಗಿಡದ ರೋಗ ತಪಾಸಣೆಯವರ ಕಾಗದ ಬೇಕು.

ಪ್ರಶ್ನೆ: ನಾವು ರೇಷ್ಮೆಗೂಡಿನ ಹಾರ ಮಾಡುತ್ತೇವೆ. ಅಮೆರಿಕದ ಕನ್ನಡ ಕೂಟದವರು ಸನ್ಮಾನಕ್ಕೆ ಬೇಕು ಎಂದು 200 ಕೇಳಿದ್ದಾರೆ. ಕೋಡ್ 50ನೇ ಅಧ್ಯಾಯದ್ದಾ? (ಸ್ವಸಹಾಯ ಸಂಘದವರು, ರಾಮನಗರ)

ಉತ್ತರ: ಗೂಡು ಗೂಡಾಗಿಯೇ ಹೋದರೆ 50. ನೂಲು ಬಿಚ್ಚಲು ಬರುವ ಗೂಡು 5001, ಚಿಟ್ಟೆ ತೂತು ಮಾಡಿ ಹೊರಬಂದ ಗೂಡಾದರೆ 5003. ನೀವು ಮಾಡುವುದು ಬೇರೆ. ಆ ತೂತಾದ ಗೂಡನ್ನು ಕತ್ತರಿಯಲ್ಲಿ ಎಸಳಾಗಿ ಕತ್ತರಿಸಿ, ಬಣ್ಣದಲ್ಲಿ ಅದ್ದಿ, ನಡುವೆ ಮಣಿ ಇಟ್ಟು ಪೋಣಿಸುತ್ತೀರಿ. ಅಲ್ಲಿಗೆ ಅದು ಗೂಡಲ್ಲ, ಹೂವು. ಪ್ರಾಣಿಮೂಲದ ವಸ್ತುವಿನಿಂದ ಮಾಡಿದ ಹೂವನ್ನೂ 6702 ಒಳಗೆ ಬಿಟ್ಟುಕೊಳ್ಳುತ್ತದೆ. 6702 90 90 ಹಾಕಿ. ವಿವರಣೆಯಲ್ಲಿ ‘ಕತ್ತರಿಸಿದ ರೇಷ್ಮೆಗೂಡಿನಿಂದ ಕೈಯಲ್ಲಿ ಮಾಡಿದ ಕೃತಕ ಹೂವಿನ ಹಾರ’ ಎಂದು ಪೂರ್ತಿ ಬರೆಯಿರಿ. ಮೊದಲ ಆರು ಅಂಕಿ ಅಲ್ಲಿಯವರಿಗೂ ಅದೇ, ಉಳಿದದ್ದು ಅವರ ಏಜೆಂಟ್ ನೋಡಿಕೊಳ್ಳುತ್ತಾರೆ. ಒಳಗೆ ಹುಳದ ಚೂರು ಉಳಿಯದ ಹಾಗೆ ಚೆನ್ನಾಗಿ ಒಣಗಿಸಿ ಕಳಿಸಿ.

ಪ್ರಶ್ನೆ: ನಾನು ಚಿಕ್ಕಬಳ್ಳಾಪುರದ ಹೂ ಬೆಳೆಗಾರ. ನೀವು ಪ್ಲಾಸ್ಟಿಕ್ ಹಾರ ತರಿಸೋರಿಗೆ ದಾರಿ ತೋರಿಸ್ತಾ ಕೂತಿದ್ದೀರಿ. ನಾವು ಚೆಂಡುಹೂವು ರಸ್ತೆಗೆ ಸುರಿದು ಬರ್ತಿದ್ದೇವೆ. ನಿಮ್ಮ ತಾಯಿ ಹೂವು ಮಾರಿದವರು ಅಂತ ಹಿಂದೆ ಬರೆದಿದ್ದಿರಿ. ಏನನ್ನಿಸಲ್ವಾ?

ಉತ್ತರ: ಅನಿಸುತ್ತದೆ ಅಣ್ಣಾ. ನಿಮ್ಮ ಪತ್ರ ಎರಡು ಸಲ ಓದಿದೆ.

ಒಂದು ವಿಷಯ ಮಾತ್ರ ಹೇಳುತ್ತೇನೆ. ನಾಳೆ ಸರ್ಕಾರ ನಿಮ್ಮ ಮಾತು ಕೇಳಿ ಪ್ಲಾಸ್ಟಿಕ್ ಹೂವಿಗೆ ಸುಂಕ ಏರಿಸಲಿ, ಆಮದನ್ನೇ ನಿಲ್ಲಿಸಲಿ, ಆ ಆದೇಶದಲ್ಲಿ ‘ಪ್ಲಾಸ್ಟಿಕ್ ಹಾರ’ ಅಂತ ಬರೆದರೆ ಕೆಲಸ ಆಗುವುದಿಲ್ಲ. ‘6702 10’ ಅಂತ ಅಂಕಿ ಬರೆಯಬೇಕು. ಹಾರವನ್ನು 3926 ಅಂತಲೋ 9505 ಅಂತಲೋ ತೋರಿಸಿ ತರಿಸುವವರು ಆ ಬೇಲಿಯ ಕಂಡಿಯಲ್ಲಿ ನುಸುಳಿಹೋಗುತ್ತಾರೆ. ಎಷ್ಟು ಹೂವು ಒಳಗೆ ಬಂತು ಅನ್ನೋ ಸರ್ಕಾರದ ಲೆಕ್ಕವೂ ಈ ಅಂಕಿಯ ಮೇಲೇ ನಿಂತಿದೆ. ನೀವು ಮನವಿ ಕೊಡುವಾಗ ಈ ಅಂಕಿ ಬರೆದು ಕೊಡಿ. ಎರಕದ ಹೂವಿಗಾಗಿ 3926 40 ಅನ್ನೂ ಸೇರಿಸಿ. ಕೋಡ್ ಇಲ್ಲದ ಮನವಿಯನ್ನು ಮೇಜಿನ ಆಚೆಯವರು ಓದಿ ಪಕ್ಕಕ್ಕೆ ಇಡುತ್ತಾರೆ. ಕೋಡ್ ಇದ್ದರೆ ಕನಿಷ್ಠ ಅದರ ಫೈಲ್ ತರಿಸಿ ನೋಡುತ್ತಾರೆ.

ಇನ್ನು ನಮ್ಮ ಮನೆಯ ಮಾತು. ಅಮ್ಮ ಹೋಗಿ ಹನ್ನೊಂದು ವರ್ಷ. ಹೋದ ದೀಪಾವಳಿಗೆ ಸೊಸೆ ಅವಳ ಫೋಟೋಗೆ ಒಂದು ಪ್ಲಾಸ್ಟಿಕ್ ಚೆಂಡುಹೂವಿನ ಹಾರ ಹಾಕಿದಳು. ದಿನಾ ಬದಲಿಸೋರು ಯಾರು ಮಾವ, ಅಂದಳು. ನಾನೇನೂ ಅನ್ನಲಿಲ್ಲ. ಎಲ್ಲರೂ ಮಲಗಿದ ಮೇಲೆ ಸ್ಟೂಲ್ ಹಾಕಿಕೊಂಡು ಹತ್ತಿ, ಒಂದು ಹೂವು ಎಳೆದು ನೋಡಿದೆ. ‘ಟಪ್’ ಅಂತ ಬಿಚ್ಚಿಕೊಂಡಿತು. ಎಸಳೂ ಪ್ಲಾಸ್ಟಿಕ್ಕೇ. 6702 10 90. ಮತ್ತೆ ಕೂಡಿಸಿ ಇಟ್ಟೆ. ಈಗ ಪ್ರತಿ ಶುಕ್ರವಾರ ಗಾಂಧಿ ಬಜಾರಿನಿಂದ ಒಂದು ಮೊಳ ಮಲ್ಲಿಗೆ ತಂದು ಅದರ ಮೇಲೆ ಹಾಕುತ್ತೇನೆ.